ಹಳೇ ಮನೆ ಪೋರ್ಷನ್ ಆಗುವ ಮುನ್ನ

ಕತ್ತಲಗೆರೆ, ಚನ್ನಗಿರಿ ಕಡೆ ನಿಮ್ಮದೂ ಅಜ್ಜನ ಕಾಲದ ತೊಟ್ಟಿ ಮನೆ ಇದೆಯಾ? ಅದನ್ನೇ ಎರಡು-ಮೂರು ಪೋರ್ಷನ್ ಮಾಡಿ ಬಾಡಿಗೆಗೆ ಕೊಡೋಣ ಅಂತ ಮನೆಯವರು ಹೇಳ್ತಿದ್ದಾರಾ? ಒಳ್ಳೇದೇ. ಆದರೆ ಗೋಡೆ ಒಡೆಯುವ ಮುಂಚೆ ಇಷ್ಟು ಗಮನಿಸಿ.

* ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಸಬೇಡಿ. ತೇವ ಒಳಗೇ ಉಳಿದು ಗೋಡೆ ಉದುರುತ್ತದೆ. ಸುಣ್ಣದ ಗಾರೆಯೇ ಸರಿ.

* ಬಚ್ಚಲುಗಳನ್ನು ಹಿತ್ತಲ ಕಡೆ, ಹೊಸ ಇಟ್ಟಿಗೆ ಗೋಡೆ ಕಟ್ಟಿ ಒಂದೇ ಸಾಲಿನಲ್ಲಿ ಮಾಡಿಸಿ. ಪೈಪಿನ ಖರ್ಚೂ ಉಳಿಯುತ್ತೆ.

* ತೊಟ್ಟಿ ಮುಚ್ಚಬೇಡಿ. ನಡುಮನೆಗೆ ಗಾಳಿ, ಬೆಳಕು ಅಲ್ಲಿಂದಲೇ.

* ತೊಲೆ ಹೊತ್ತ ಗೋಡೆ, ಕಂಬಗಳನ್ನು ಇಂಜಿನಿಯರ್‌ಗೆ ತೋರಿಸದೆ ಮುಟ್ಟಬೇಡಿ.

ಇನ್ನು ಮುಖ್ಯವಾದ ಮಾತು. ಪಿತ್ರಾರ್ಜಿತ ಮನೆ ಮೊದಲೇ ಕಾನೂನುಬದ್ಧವಾಗಿ ಪಾಲಾಗಿರದಿದ್ದರೆ, ಮದುವೆಯಾದ ಹೆಣ್ಣುಮಕ್ಕಳಿಗೂ ಅದರಲ್ಲಿ ಹಕ್ಕಿದೆ. ಗಂಡುಮಕ್ಕಳು ಪಾಲಾಗುವ ತನಕ ವಾಸದ ಮನೆಯಲ್ಲಿ ಅವರು ಪಾಲು ಕೇಳುವಂತಿಲ್ಲ ಎಂಬ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಡೆ 2005ರಲ್ಲೇ ಹೋಯಿತು. ಆ ತಿದ್ದುಪಡಿಗೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾಗಿ ಯಜಮಾನರ ಅಕ್ಕತಂಗಿಯರನ್ನೂ ಕರೆದು ಮಾತಾಡಿ. ವಕೀಲರಿಂದ ಪತ್ರ ಬರೆಸಿ, ನೋಂದಣಿ ಮಾಡಿಸಿ. ನಾವೂ ನಮ್ಮ ತವರಿಗೆ ಹೆಣ್ಣುಮಕ್ಕಳೇ ಅಲ್ವಾ?