ಭಾರ ಎತ್ತುವ ತೋಳುಗಳು

2000ನೇ ಇಸವಿಯ ಸೆಪ್ಟೆಂಬರ್ 19ರಂದು ಸಿಡ್ನಿ ನಗರದ ವೇದಿಕೆಯೊಂದರಲ್ಲಿ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿ ಮೊದಲು ಸ್ನ್ಯಾಚ್ ವಿಭಾಗದಲ್ಲಿ 110 ಕಿಲೋ, ಅನಂತರ ಕ್ಲೀನ್ ಅಂಡ್ ಜರ್ಕ್ ವಿಭಾಗದಲ್ಲಿ 130 ಕಿಲೋ ಭಾರವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಒಟ್ಟು 240 ಕಿಲೋ. ಚಿನ್ನ ಗೆದ್ದ ಚೀನಾದ ಲಿನ್ ವೈನಿಂಗ್ ಎತ್ತಿದ್ದು 242.5 ಕಿಲೋ. ಕೊನೆಯ ಪ್ರಯತ್ನದಲ್ಲಿ ಮಲ್ಲೇಶ್ವರಿ 137.5 ಕಿಲೋ ಎತ್ತಲು ಹೊರಟು ವಿಫಲರಾದರು. ಆದರೂ ದೊರೆತ ಕಂಚು ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳೆಯೊಬ್ಬರು ಗೆದ್ದ ಮೊಟ್ಟಮೊದಲ ಪದಕವಾಯಿತು. ಆಗ ಅವರು ಮದುವೆಯಾಗಿ ಮೂರು ವರ್ಷಗಳಾಗಿದ್ದವು. ಮರುವರ್ಷ ಮಗನ ತಾಯಿಯಾದರು. ಭಾರ ಎತ್ತುವ ಹುಡುಗಿಗೆ ಸಂಸಾರ ಕೂಡಿಬರುವುದಿಲ್ಲ ಎನ್ನುವವರು ನಮ್ಮಲ್ಲಿ ಇನ್ನೂ ಇರುವುದರಿಂದ ಈ ಎರಡು ಸಂಗತಿಗಳನ್ನು ಇಲ್ಲಿ ಹೇಳಿದ್ದೇನೆ.

ಗಂಡಸರ ಭಾರ ಎತ್ತುವ ಸ್ಪರ್ಧೆ 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರಿಗೆ ಆ ಬಾಗಿಲು ತೆರೆದದ್ದು ಸಿಡ್ನಿಯಲ್ಲಿ, ಅಂದರೆ 104 ವರ್ಷಗಳ ತರುವಾಯ. ಹೆಣ್ಣಿನ ದೇಹ ಅಷ್ಟು ಭಾರವನ್ನು ತಾಳಲಾರದು ಎಂಬುದು ಆವರೆಗೆ ಪ್ರಚಲಿತವಾಗಿದ್ದ ವಾದ. ನಮ್ಮ ಕರಾವಳಿಯ ಯಾವುದೇ ಮೀನಿನ ದಕ್ಕೆಯಲ್ಲಿ ಬೆಳಗಿನ ಜಾವ ಅರ್ಧ ಗಂಟೆ ನಿಂತವರು ಈ ವಾದವನ್ನು ನಂಬುವುದು ಕಷ್ಟ. ನೀರು ಸೋರುವ ಬುಟ್ಟಿಯನ್ನು ಇನ್ನೊಬ್ಬಳ ಸಹಾಯದಿಂದ ತಲೆಗೇರಿಸಿಕೊಂಡು, ಕುತ್ತಿಗೆ ಕೊಂಕದಂತೆ ನಡೆದುಹೋಗುವ ಹೆಂಗಸಿನ ಹೆಗಲನ್ನು ಕಂಡವರಾರು? ಕಟ್ಟಡ ಏಳುತ್ತಿರುವಲ್ಲಿ ಜಲ್ಲಿ ಹೊರುವವಳು, ಗುಡ್ಡದಿಂದ ಸೊಪ್ಪಿನ ಹೊರೆ ಇಳಿಸುವವಳು, ಗದ್ದೆಯಲ್ಲಿ ದಿನವಿಡೀ ಬಗ್ಗಿ ನೇಜಿ ನೆಡುವವಳು ಇವರೆಲ್ಲರ ಸ್ನಾಯುಗಳೂ ಗಟ್ಟಿಯೇ. ನಮ್ಮ ಅಜ್ಜಿಯರು ಒನಕೆಯಿಂದ ಭತ್ತ ಕುಟ್ಟಿದರು, ಕಡೆಯುವ ಕಲ್ಲಿನಲ್ಲಿ ಮಸಾಲೆ ಅರೆದರು, ಬಾವಿಯಿಂದ ಕೊಡಗಟ್ಟಲೆ ನೀರು ಸೇದಿದರು. ಅವರ ಮುಂಗೈಗಳನ್ನು ನೆನಪಿಸಿಕೊಳ್ಳಿ. ಹದಿನೆಂಟನೆಯ ಶತಮಾನದಲ್ಲಿ ಚಿತ್ರದುರ್ಗದ ಕಿಂಡಿಯ ಬಳಿ ಓಬವ್ವ ಶತ್ರುಗಳನ್ನು ತಡೆದದ್ದು ಕತ್ತಿಯಿಂದಲ್ಲ, ಅಡುಗೆಮನೆಯ ಒನಕೆಯಿಂದ ಎಂದು ಕನ್ನಡಿಗರೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ದಿನವೂ ಭತ್ತ ಕುಟ್ಟಿದ ತೋಳಲ್ಲದೆ ಬೇರೆ ಯಾವ ತೋಳು ಆ ಕೆಲಸ ಮಾಡೀತು?

ಹಾಗಿರುವಾಗ ಈಚಿನ ವರ್ಷಗಳಲ್ಲಿ ನಗರಗಳಲ್ಲಿ, ಸಣ್ಣ ಪೇಟೆಗಳಲ್ಲಿಯೂ ಹುಡುಗಿಯರು ವ್ಯಾಯಾಮಶಾಲೆಗೆ ಹೋಗಿ ಕಬ್ಬಿಣ ಎತ್ತುತ್ತಿರುವುದನ್ನು ಕಂಡು ಹಿರಿಯರು ಗಾಬರಿಪಡುವುದೇಕೆ? ಬದಲಾಗಿರುವುದು ಸ್ನಾಯುವಲ್ಲ, ಅದರ ಕಾರಣ. ದುಡಿಮೆಯಿಂದ ಬಂದ ತೋಳಿಗೆ ಯಾರೂ ಹೆಸರಿಟ್ಟಿರಲಿಲ್ಲ, ಅದನ್ನು ಸೆರಗಿನಿಂದ ಮುಚ್ಚಿದ್ದೂ ಆಯಿತು. ಈಗ ಹುಡುಗಿ ತಾನಾಗಿ ಬಯಸಿ, ಹಣ ಕೊಟ್ಟು ಅಂಥ ತೋಳನ್ನು ಬೆಳೆಸಿಕೊಳ್ಳುತ್ತಾಳೆ. ಬೆಳೆದುದನ್ನು ಮರೆಮಾಡುವುದೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಅಮೆರಿಕದ ರಗ್ಬಿ ತಂಡದ ಇಲೋನಾ ಮಾಹೆರ್ ಅವರ ಅಗಲವಾದ ಭುಜಗಳನ್ನು ಕೆಲವರು ಹೀಯಾಳಿಸಿದಾಗ ಅವರು ನಾಚಿ ಹಿಂಜರಿಯದೆ ಬಹಿರಂಗವಾಗಿಯೇ ಉತ್ತರ ಕೊಟ್ಟರು. ಅವರನ್ನು ಮೆಚ್ಚುವ ಹುಡುಗಿಯರು ಜಗತ್ತಿನಾದ್ಯಂತ ಲಕ್ಷಗಟ್ಟಲೆ ಇದ್ದಾರೆ.

ಇದು ಕೇವಲ ಇಂದಿನ ಹುಚ್ಚು ಎನ್ನುವಂತೆಯೂ ಇಲ್ಲ. 1884ರಲ್ಲಿ ವಿಯೆನ್ನಾದ ಸರ್ಕಸ್ ಕುಟುಂಬವೊಂದರಲ್ಲಿ ಹುಟ್ಟಿದ ಕೇಟಿ ಸ್ಯಾಂಡ್ವಿನಾ ತನ್ನ ಗಂಡನನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿ ಪ್ರೇಕ್ಷಕರನ್ನು ದಂಗುಬಡಿಸುತ್ತಿದ್ದಳು. 1950ರ ದಶಕದಲ್ಲಿ ಕಲ್ಕತ್ತೆಯ ಬಿಷ್ಣುಚರಣ ಘೋಷ್ ಅವರ ಬಳಿ ತರಬೇತಿ ಪಡೆದ ರೇಬಾ ರಕ್ಷಿತ್ ಸರ್ಕಸ್ಸಿನಲ್ಲಿ ತನ್ನ ಎದೆಯ ಮೇಲಿಟ್ಟ ಹಲಗೆಯ ಮೇಲೆ ಆನೆಯನ್ನು ನಡೆಸಿಕೊಳ್ಳುತ್ತಿದ್ದರು. ಆದರೆ ಈ ಬಗೆಯ ಹೆಂಗಸರನ್ನು ಜನ ನೋಡುತ್ತಿದ್ದುದು ಸೋಜಿಗವೆಂದು. ಟಿಕೇಟು ಕೊಂಡು ನೋಡಿ, ಚಪ್ಪಾಳೆ ತಟ್ಟಿ, ಮನೆಗೆ ಬಂದು ಮಗಳಿಗೆ ಮೆಲ್ಲಗೆ ನಡೆ ಎಂದರು.

ಸ್ನಾಯುಬಲವನ್ನೇ ಸೌಂದರ್ಯವೆಂದು ಅಳೆಯುವ ಸ್ಪರ್ಧೆಗಳು ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಹುಟ್ಟಿದವು. 1980ರಲ್ಲಿ ಮೊದಲ ‘ಮಿಸ್ ಒಲಿಂಪಿಯಾ’ ಪ್ರಶಸ್ತಿ ರೇಚೆಲ್ ಮೆಕ್ಲಿಶ್ ಅವರಿಗೆ ಸಂದಿತು. ಆಕೆಯ ದೇಹ ಗಟ್ಟಿಮುಟ್ಟಾಗಿತ್ತಾದರೂ ತೆಳುವಾಗಿಯೇ ಇತ್ತು, ತೀರ್ಪುಗಾರರಿಗೆ ತೊಂದರೆಯಾಗಲಿಲ್ಲ. ತೊಂದರೆ ತಂದವರು ಆಸ್ಟ್ರೇಲಿಯಾದ ಬೆವ್ ಫ್ರಾನ್ಸಿಸ್. ಪವರ್ ಲಿಫ್ಟಿಂಗ್‌ನಲ್ಲಿ ಹೆಸರು ಮಾಡಿದ್ದ ಈಕೆ 1983ರಲ್ಲಿ ಲಾಸ್ ವೇಗಾಸ್‌ನ ಸ್ಪರ್ಧೆಯೊಂದಕ್ಕೆ ಬಂದಾಗ ಅಷ್ಟು ದೊಡ್ಡ ಸ್ನಾಯುಗಳನ್ನು ಹೆಂಗಸಿನ ಮೈಮೇಲೆ ಅಲ್ಲಿದ್ದವರಾರೂ ಕಂಡಿರಲಿಲ್ಲ. ದೇಹದಾರ್ಢ್ಯದ ಸ್ಪರ್ಧೆಯಾದ್ದರಿಂದ ಆಕೆಯೇ ಗೆಲ್ಲಬೇಕಿತ್ತು ಎನ್ನುವವರಿದ್ದರು. ತೀರ್ಪುಗಾರರು ಕೊಟ್ಟದ್ದು ಎಂಟನೆಯ ಸ್ಥಾನ. ಹೆಣ್ಣಿನ ಸ್ನಾಯು ಎಷ್ಟಿರಬೇಕು, ಎಲ್ಲಿಗೆ ನಿಲ್ಲಬೇಕು ಎಂಬ ವಾಗ್ವಾದ ಚಲನಚಿತ್ರವೊಂದರ ವಸ್ತುವೂ ಆಯಿತು.

ವಾಗ್ವಾದ ಅಲ್ಲಿಗೇ ಮುಗಿಯಲಿಲ್ಲ. 2004ರ ಕೊನೆಯಲ್ಲಿ ಅಂತರರಾಷ್ಟ್ರೀಯ ದೇಹದಾರ್ಢ್ಯ ಒಕ್ಕೂಟವು ಮಹಿಳಾ ಸ್ಪರ್ಧಿಗಳು ತಮ್ಮ ಸ್ನಾಯುಗಳನ್ನು ಶೇಕಡಾ 20ರಷ್ಟು ತಗ್ಗಿಸಿಕೊಳ್ಳಬೇಕೆಂದು ಸುತ್ತೋಲೆ ಹೊರಡಿಸಿತು. ಬಟ್ಟೆಯಂಗಡಿಯ ರಿಯಾಯಿತಿ ಮಾರಾಟದಂತೆ ಶೇಕಡಾ ಇಪ್ಪತ್ತು! ಗಂಡಸರಿಗೆ ಇಂಥ ಮಿತಿಯನ್ನು ಯಾರೂ ವಿಧಿಸಲಿಲ್ಲ. ಅವರು ಗೋಣು ತಿರುಗಿಸಲಾರದಷ್ಟು ಉಬ್ಬಿದರೂ ಚಪ್ಪಾಳೆಯೇ. ಅದೇ ವೇಳೆಗೆ ಸಂಘಟಕರು ಹೆಂಗಸರಿಗಾಗಿ ಹೆಚ್ಚು ಹೆಚ್ಚು ತೆಳು ದೇಹದ ವಿಭಾಗಗಳನ್ನು ತೆರೆಯುತ್ತ ಹೋದರು: 1995ರಲ್ಲಿ ಫಿಟ್ನೆಸ್, 2003ರಲ್ಲಿ ಫಿಗರ್, 2010ರಲ್ಲಿ ಬಿಕಿನಿ. ಮಿಸ್ ಒಲಿಂಪಿಯಾ ಸ್ಪರ್ಧೆಯೇ 2014ರ ಬಳಿಕ ನಿಂತುಹೋಗಿ 2020ರಲ್ಲಿ ಮತ್ತೆ ಆರಂಭವಾಯಿತು. ನನ್ನನ್ನು ಕೇಳಿದರೆ, ಅರೆಬಟ್ಟೆಯಲ್ಲಿ ನಿಲ್ಲಿಸಿ ಅಂಕ ಹಾಕುವ ಈ ಸ್ಪರ್ಧೆಗಳಲ್ಲಿ ಹೆಣ್ಣಿಗೆ ಸಂದ ಗೌರವ ಅಷ್ಟಕ್ಕಷ್ಟೆ. ಎಲ್ಲಿ ಅಳತೆ ಕಿಲೋಗ್ರಾಮಿನಲ್ಲಿ ನಡೆಯುತ್ತದೋ ಅಲ್ಲಿ ತೀರ್ಪುಗಾರನ ಅಭಿರುಚಿಗೆ ಕೆಲಸವಿಲ್ಲ. ಎತ್ತಿದರೆ ಎತ್ತಿದಂತೆ, ಬೀಳಿಸಿದರೆ ಬೀಳಿಸಿದಂತೆ.

ಮಣಿಪುರದ ಮೀರಾಬಾಯಿ ಚಾನು ಅವರಿಗೆ ಈ ಎರಡರ ಅನುಭವವೂ ಇದೆ. 1994ರಲ್ಲಿ ಹುಟ್ಟಿದ ಈಕೆ ಚಿಕ್ಕಂದಿನಲ್ಲಿ ಅಣ್ಣನಿಗೆ ಎತ್ತಲಾಗದ ಸೌದೆಯ ಹೊರೆಯನ್ನು ತಾನು ಹೊತ್ತು ಮನೆಗೆ ತರುತ್ತಿದ್ದರಂತೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನಗಳು ವಿಫಲವಾಗಿ ಬರಿಗೈಯಲ್ಲಿ ಮರಳಿದರು. ಮರುವರ್ಷ ವಿಶ್ವ ಚಾಂಪಿಯನ್ ಆದರು. 2021ರ ಜುಲೈ 24ರಂದು ಟೋಕಿಯೋದಲ್ಲಿ 49 ಕಿಲೋ ವಿಭಾಗದಲ್ಲಿ ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಗೆದ್ದರು. ತನ್ನ ಮೈತೂಕದ ಎರಡು ಪಟ್ಟಿಗಿಂತ ಹೆಚ್ಚಿನ 115 ಕಿಲೋ ಭಾರವನ್ನು ತಲೆಯ ಮೇಲೆ ಹಿಡಿದು ನಗುತ್ತಿದ್ದ ಆ ಪುಟ್ಟ ಹೆಂಗಸನ್ನು ನೋಡಿ ಗಂಡಸಿನಂತಿದ್ದಾಳೆ ಎಂದವರನ್ನು ನಾನು ಕಾಣೆ. ನಮ್ಮ ರಾಜ್ಯದಲ್ಲಿಯೂ ಉತ್ತರ ಕನ್ನಡದ ಹಳಿಯಾಳದ ಕಡೆ ಹುಡುಗಿಯರು ಮಣ್ಣಿನ ಅಖಾಡಕ್ಕಿಳಿದು ಕುಸ್ತಿ ಕಲಿಯುತ್ತಾರೆ.

ಎಲ್ಲರ ಮನೆಯ ಹುಡುಗಿಯರೂ ಒಲಿಂಪಿಕ್ಸ್‌ಗೆ ಹೋಗುವವರಲ್ಲವಲ್ಲ, ಅವರಿಗೇಕೆ ಈ ಗೊಡವೆ ಎಂದು ತಾಯಂದಿರು ಕೇಳಬಹುದು. ವೈದ್ಯರ ಉತ್ತರ ಇಲ್ಲಿ ಸ್ಪಷ್ಟವಾಗಿದೆ. ಮೂವತ್ತರ ಪ್ರಾಯ ದಾಟಿದ ಮೇಲೆ ಬಳಸದ ಸ್ನಾಯು ವರ್ಷದಿಂದ ವರ್ಷಕ್ಕೆ ಕರಗುತ್ತ ಹೋಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ರಸದ ಕೊರತೆಯಿಂದ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದು, ಹಾಸಿಗೆ ಹಿಡಿದು, ಮತ್ತೆ ಏಳದೆ ಹೋದ ಅಜ್ಜಿಯೊಬ್ಬರು ಹೆಚ್ಚುಕಡಿಮೆ ಪ್ರತಿ ಕುಟುಂಬದಲ್ಲಿಯೂ ಇದ್ದಾರೆ. ಸ್ನಾಯು ಎಳೆದಾಗ ಮೂಳೆಗೂ ಬಲ ಬೀಳುತ್ತದೆ. ಬಲ ಬಿದ್ದ ಮೂಳೆ ಗಟ್ಟಿಯಾಗುತ್ತದೆ. ಯೌವನದಲ್ಲಿ ಮೂಳೆಯಲ್ಲಿ ಕೂಡಿಟ್ಟದ್ದೇ ಮುಪ್ಪಿನ ಬಂಡವಾಳ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ವಯಸ್ಕರೆಲ್ಲರೂ, ಗಂಡು ಹೆಣ್ಣೆಂಬ ಭೇದವಿಲ್ಲದೆ, ನಡಿಗೆಯಂಥ ವ್ಯಾಯಾಮದ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ಹೇಳಿದೆ. ಮಿಕ್ಸಿ, ನಲ್ಲಿ, ಬಟ್ಟೆ ಒಗೆಯುವ ಯಂತ್ರ ಬಂದ ಮೇಲೆ ಅಜ್ಜಿಗೆ ಮನೆಗೆಲಸದಲ್ಲೇ ದೊರೆಯುತ್ತಿದ್ದ ಆ ವ್ಯಾಯಾಮ ಮೊಮ್ಮಗಳಿಗೆ ಎಲ್ಲಿಂದ ಬರಬೇಕು? ಇದರರ್ಥ ಕಡೆಯುವ ಕಲ್ಲನ್ನು ಮತ್ತೆ ಒಳಗೆ ತನ್ನಿರಿ ಎಂದಲ್ಲ. ಅಜ್ಜಿಯ ಬೆನ್ನು ನೋವನ್ನು ತಿಕ್ಕಿದ ಕೈಗಳು ಹಾಗೆ ಹೇಳಲಾರವು.

ಭಾರ ಎತ್ತಿದ ಕೂಡಲೇ ಹುಡುಗಿ ಪೈಲ್ವಾನನಂತಾಗುತ್ತಾಳೆ ಎಂಬ ಭಯಕ್ಕೂ ಆಧಾರವಿಲ್ಲ. ಸ್ನಾಯುವನ್ನು ಉಬ್ಬಿಸುವ ಟೆಸ್ಟೋಸ್ಟೆರೋನ್ ರಸ ಗಂಡಸಿನ ರಕ್ತದಲ್ಲಿರುವುದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಹೆಂಗಸಿನಲ್ಲಿರುತ್ತದೆ. ವಾರಕ್ಕೆರಡು ಮೂರು ಬಾರಿ ವ್ಯಾಯಾಮ ಮಾಡುವವಳ ಮೈ ಬಿಗಿಯಾಗುತ್ತದೆ, ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಗುತ್ತದೆ, ಗ್ಯಾಸ್ ಸಿಲಿಂಡರನ್ನು ಎತ್ತಲು ಇನ್ನೊಬ್ಬರನ್ನು ಕಾಯಬೇಕಾಗುವುದಿಲ್ಲ. ಸ್ಪರ್ಧೆಯ ವೇದಿಕೆಯಲ್ಲಿ ಕಾಣುವಂಥ ದೇಹಕ್ಕೆ ಹಲವು ವರ್ಷಗಳ ಕಠಿಣ ಪರಿಶ್ರಮ ಬೇಕು. ಕೆಲವರ ವಿಷಯದಲ್ಲಿ ಮದ್ದೂ ಬೇಕಾಗುತ್ತದೆ.

ತಂದೆತಾಯಿಯರು ನಿಜವಾಗಿ ಹೆದರಬೇಕಾದದ್ದು ಈ ಮದ್ದಿಗೆ. ಅನಬಾಲಿಕ್ ಸ್ಟೀರಾಯ್ಡ್ ಎಂದು ಕರೆಯಲಾಗುವ ಈ ಔಷಧಗಳು ಗಂಡಸಿನ ರಸವನ್ನು ಹೋಲುವ ಕೃತಕ ವಸ್ತುಗಳು. ಇವನ್ನು ಸೇವಿಸಿದ ಹೆಂಗಸಿನ ಧ್ವನಿ ಗಡುಸಾಗುತ್ತದೆ, ಮುಖದ ಮೇಲೆ ಕೂದಲು ಬರುತ್ತದೆ, ಮುಟ್ಟು ತಪ್ಪುತ್ತದೆ, ಪಿತ್ತಕೋಶ ಹಾಗೂ ಹೃದಯಕ್ಕೆ ಹಾನಿಯಾಗುತ್ತದೆ. ಔಷಧ ನಿಲ್ಲಿಸಿದರೂ ಕೆಟ್ಟ ಧ್ವನಿ ಮರಳದು. ಹಿಂದಿನ ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಮುಂದೆ ನಿಂತು ಇದನ್ನು ನಡೆಸಿತು. ಹೈಡಿ ಕ್ರೀಗರ್ ಎಂಬ ಗುಂಡು ಎಸೆತಗಾರ್ತಿಗೆ ಹದಿಹರೆಯದಿಂದಲೇ ನೀಲಿ ಬಣ್ಣದ ಮಾತ್ರೆಗಳನ್ನು ಕೊಡಲಾಯಿತು. ಅವು ಏನೆಂದು ಆಕೆಗೂ ತಿಳಿಸಲಿಲ್ಲ, ಹೆತ್ತವರಿಗೂ ತಿಳಿಸಲಿಲ್ಲ. 1986ರಲ್ಲಿ ಆಕೆ ಯುರೋಪಿನ ಚಾಂಪಿಯನ್. 1997ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿ ಆಂಡ್ರಿಯಾಸ್ ಕ್ರೀಗರ್ ಎಂಬ ಗಂಡಸಾಗಿ ಬದುಕತೊಡಗಿದ ಅವರು, ತನ್ನ ದೇಹದ ಬಗ್ಗೆ ತಾನೇ ನಿರ್ಧರಿಸುವ ಅವಕಾಶವನ್ನು ಆ ಮಾತ್ರೆಗಳು ಕಸಿದುಕೊಂಡವು ಎಂದು ನೋವಿನಿಂದ ಹೇಳಿದ್ದಾರೆ. ಅಂದಿನ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೆ 2000ದಲ್ಲಿ ಬರ್ಲಿನ್ ನ್ಯಾಯಾಲಯ ಶಿಕ್ಷೆ ವಿಧಿಸಿದಾಗ ಅನೇಕ ಕ್ರೀಡಾಪಟುಗಳ ಆರೋಗ್ಯ ಕೆಟ್ಟುಹೋಗಿ ವರ್ಷಗಳೇ ಸಂದಿದ್ದವು.

ನಮ್ಮಲ್ಲಿ ಯಾವ ಸರ್ಕಾರವೂ ಹಾಗೆ ಮಾಡುತ್ತಿಲ್ಲ, ನಿಜ. ಆದರೆ ತರಬೇತುದಾರನೆಂದು ಹೇಳಿಕೊಳ್ಳುವ ಯಾರೋ ಒಬ್ಬ ಎರಡೇ ತಿಂಗಳಲ್ಲಿ ಮೈ ತಿದ್ದಿಕೊಡುತ್ತೇನೆಂದು ಪುಡಿ, ಮಾತ್ರೆ, ಇಂಜೆಕ್ಷನ್‌ಗಳನ್ನು ಮುಂದಿಟ್ಟಾಗ ಮಗಳು ಅದನ್ನು ಮನೆಯಲ್ಲಿ ಹೇಳುವಂತಿರಬೇಕು. ವ್ಯಾಯಾಮಶಾಲೆಗೆ ಹೋಗುವುದನ್ನೇ ಗುಟ್ಟಾಗಿಡಬೇಕಾದ ಹುಡುಗಿ ಈ ವಿಷಯವನ್ನು ಯಾರಲ್ಲಿ ಹೇಳಿಯಾಳು? ಬೈದು ಬಾಗಿಲು ಮುಚ್ಚುವ ಬದಲು ತಾಯಿಯೋ ತಂದೆಯೋ ಒಂದು ದಿನ ಅವಳೊಡನೆ ಅಲ್ಲಿಗೆ ಹೋಗಿ, ಕಲಿಸುವವರ ಅರ್ಹತೆ ಏನು, ಹೊಸಬರಿಗೆ ಎಷ್ಟು ಭಾರ ಕೊಡುತ್ತಾರೆ, ಏನನ್ನು ತಿನ್ನಲು ಹೇಳುತ್ತಾರೆ ಎಂದು ವಿಚಾರಿಸುವುದು ಲೇಸು. ಡಬ್ಬಿಯಲ್ಲಿ ಬರುವ ಪ್ರೋಟೀನ್ ಪುಡಿಯನ್ನು ದೂರವಿಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪೌಷ್ಟಿಕ ಆಹಾರ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಸಲಹೆ ಮಾಡಿದೆ. ಹೆಸರುಕಾಳು, ಕಡಲೆ, ಮೊಟ್ಟೆ, ಹಾಲು, ಬಂಗುಡೆ, ಬೂತಾಯಿ ಇವೆಲ್ಲ ಇರುವ ಮನೆಗೆ ಆ ಡಬ್ಬಿ ಬೇಕಾಗಿಯೂ ಇಲ್ಲ.

ಬೇಕಾಗಿಲ್ಲ, ಅವಳ ತಟ್ಟೆಗೆ ಅವು ಬೀಳುವುದಾದರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಮೀನಿನ ನಡುತುಂಡು ಮಗನಿಗೆ, ಬಾಲ ಮಗಳಿಗೆ, ಸಾರು ಮಾತ್ರ ಅಮ್ಮನಿಗೆ ಎಂಬ ಹಂಚಿಕೆ ನಮ್ಮ ಅಡುಗೆಮನೆಗಳಿಂದ ಪೂರ್ತಿ ಮರೆಯಾಗಿಲ್ಲ. ರಕ್ತವೇ ಇಲ್ಲದ ದೇಹ ಕಬ್ಬಿಣ ಎತ್ತಲು ಹೋದರೆ ತಲೆ ಸುತ್ತಿ ಬೀಳುವುದೇ ಸರಿ. ಆದುದರಿಂದ ವ್ಯಾಯಾಮ ಆರಂಭಿಸುವ ಮುನ್ನ ರಕ್ತಪರೀಕ್ಷೆ ಮಾಡಿಸಬೇಕು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಮೊದಲು ವೈದ್ಯರಲ್ಲಿ ಅದರ ಚಿಕಿತ್ಸೆ, ಅನಂತರ ಭಾರ. ನಲವತ್ತೈದು ಐವತ್ತು ದಾಟಿದ ತಾಯಂದಿರಿಗೂ ಕಾಲ ಮೀರಿಲ್ಲ. ವೈದ್ಯರನ್ನು ಕೇಳಿಕೊಂಡು, ನೀರು ತುಂಬಿದ ಒಂದೊಂದು ಲೀಟರಿನ ಎರಡು ಬಾಟಲಿಗಳನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಮಾಡುವುದರಿಂದ, ಕುರ್ಚಿಯಿಂದ ಕೈ ಊರದೆ ಹತ್ತು ಬಾರಿ ಎದ್ದು ಕೂರುವುದರಿಂದ ಆರಂಭಿಸಬಹುದು. ಮಗಳು ಈಗಾಗಲೇ ಕಲಿಯುತ್ತಿದ್ದರೆ ಅವಳೇ ಹೇಳಿಕೊಟ್ಟಾಳು.