ಆಸ್ಪತ್ರೆ ನಾಲ್ಕು, ಮಾಲೀಕರೆಷ್ಟು?

ನಿಮ್ಮ ಊರಿನಲ್ಲಿ ಆಸ್ಪತ್ರೆಗಳೆಷ್ಟು ಎಂದು ಕೇಳಿದರೆ ನೀವು ಬೋರ್ಡುಗಳನ್ನು ಎಣಿಸುತ್ತೀರಿ. ಅರ್ಥಶಾಸ್ತ್ರಜ್ಞರು ಮಾಲೀಕರನ್ನು ಎಣಿಸುತ್ತಾರೆ. ನಾಲ್ಕು ಬೋರ್ಡುಗಳ ಹಿಂದೆ ಒಬ್ಬನೇ ಮಾಲೀಕನಿದ್ದರೆ ಪೈಪೋಟಿ ಎಲ್ಲಿಂದ ಬರಬೇಕು?

ಪೈಪೋಟಿಯನ್ನು ಅಳೆಯಲು ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ ಎಂಬುದೊಂದಿದೆ. ಹೆಸರು ಉದ್ದ, ಲೆಕ್ಕ ಸುಲಭ. ಪ್ರತಿ ಮಾಲೀಕನ ಬಳಿಗೆ ಹೋಗುವ ರೋಗಿಗಳ ಶೇಕಡಾ ಪಾಲಿನ ವರ್ಗವನ್ನು ಕಂಡುಹಿಡಿದು ಎಲ್ಲವನ್ನೂ ಕೂಡಿದರಾಯಿತು. ನಾಲ್ಕು ಆಸ್ಪತ್ರೆಗಳಿಗೆ ತಲಾ ಶೇಕಡಾ 25 ಪಾಲಿದ್ದರೆ ಮೊತ್ತ 2,500. ಅವುಗಳಲ್ಲಿ ಎರಡು ಒಂದಾದರೆ ಅದು 3,750ಕ್ಕೆ ಜಿಗಿಯುತ್ತದೆ. ಒಬ್ಬನೇ ಉಳಿದರೆ 10,000. ಅಮೆರಿಕ ಸರ್ಕಾರ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ವಿಲೀನದ ನಂತರ ಸೂಚ್ಯಂಕ 1,800 ದಾಟಿ, ಏರಿಕೆಯೂ 100ಕ್ಕಿಂತ ಹೆಚ್ಚಿದ್ದರೆ ಅನುಮಾನಪಡಲು ಅಷ್ಟೇ ಸಾಕು.

ಕಷ್ಟವಿರುವುದು ಬೇರೆ ಕಡೆ. ಯಾವ ಪ್ರದೇಶದ ಆಸ್ಪತ್ರೆಗಳನ್ನು ಲೆಕ್ಕಕ್ಕೆ ಹಿಡಿಯಬೇಕು? ಎಲ್ಜಿಂಗಾ ಮತ್ತು ಹೊಗಾರ್ಟಿ ಎಂಬಿಬ್ಬರು 1973ರಲ್ಲಿ ಒಂದು ವಿಧಾನ ಸೂಚಿಸಿದ್ದರು: ಸರಕು ಆ ಪ್ರದೇಶದಿಂದ ಹೊರಗೆ ಎಷ್ಟು ಹೋಗುತ್ತದೆ, ಒಳಗೆ ಎಷ್ಟು ಬರುತ್ತದೆ ಎಂದು ನೋಡುವುದು. ಕಲ್ಲಿದ್ದಲಿನಂಥ ಸರಕಿಗೆ ಅದು ಸರಿಯೇ. ಅದನ್ನೇ ರೋಗಿಗಳಿಗೂ ಅನ್ವಯಿಸಿದ್ದರಿಂದ ತೊಂದರೆಯಾಯಿತು. ಕೆಲವರು ದೂರದ ನಗರಕ್ಕೆ ಹೋಗುತ್ತಾರೆಂದು ನ್ಯಾಯಾಲಯಗಳು ಗಡಿಯನ್ನು ದೊಡ್ಡದಾಗಿ ಎಳೆದವು. ವಿಲೀನಗೊಂಡ ಆಸ್ಪತ್ರೆಗಳು ಅದರೊಳಗೆ ಚುಕ್ಕೆಯಂತೆ ಕಂಡವು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ಇಂಥ ಮೊಕದ್ದಮೆಗಳಲ್ಲಿ ಒಂದರ ಮೇಲೊಂದು ಸೋತಿತು. ಹೃದಯದ ಶಸ್ತ್ರಚಿಕಿತ್ಸೆಗೆ ಕೆಲವರು ದೂರ ಹೋಗಬಹುದು. ಹೆರಿಗೆ ನೋವು ಬಂದ ಹೆಣ್ಣುಮಗಳು ಹೋದಾಳೆಯೇ?

ಷಿಕಾಗೋ ನಗರದ ಉತ್ತರಕ್ಕೆ ಇವಾನ್‌ಸ್ಟನ್ ಎಂಬ ಊರಿದೆ. ಅಲ್ಲಿನ ಆಸ್ಪತ್ರೆ ಸಂಸ್ಥೆ 2000ದಲ್ಲಿ ನೆರೆಯ ಹೈಲ್ಯಾಂಡ್ ಪಾರ್ಕ್ ಆಸ್ಪತ್ರೆಯನ್ನು ಸೇರಿಸಿಕೊಂಡಿತು. ಅಮೆರಿಕದಲ್ಲಿ ದರ ಚೌಕಾಸಿ ಮಾಡುವವರು ಬಹುಮಟ್ಟಿಗೆ ವಿಮಾ ಕಂಪನಿಗಳು. 'ನೀವು ಒಪ್ಪದಿದ್ದರೆ ಪಕ್ಕದ ಆಸ್ಪತ್ರೆಗೆ ಹೋಗುತ್ತೇವೆ' ಎನ್ನುವುದೇ ಅವರ ಬಲ. ಪಕ್ಕದ್ದೂ ಇವರದೇ ಆದಮೇಲೆ ಆ ಮಾತು ನಡೆಯಲಿಲ್ಲ. ದರ ಏರಿತು. ಆಸ್ಪತ್ರೆಯ ಪರ ಬಂದ ತಜ್ಞರ ಲೆಕ್ಕದಲ್ಲೇ ಏರಿಕೆ ಶೇಕಡಾ 9ರಿಂದ 10! ವಿಮಾ ಕಂಪನಿ ಇದನ್ನು ತನ್ನ ಜೇಬಿನಿಂದ ಕೊಡುವುದಿಲ್ಲ, ಕಂತಿನಲ್ಲಿ ವಸೂಲು ಮಾಡುತ್ತದೆ. ಫೆಡರಲ್ ಟ್ರೇಡ್ ಕಮಿಷನ್ 2004ರಲ್ಲಿ ದೂರು ಹೂಡಿತು. ರೋಗಿಗಳ ವಿಚಾರಕ್ಕೆ ತಮ್ಮ ವಿಧಾನ ಒಗ್ಗದೆಂದು ಎಲ್ಜಿಂಗಾ ಅವರೇ ಸಾಕ್ಷಿ ನುಡಿದರು. 2007ರಲ್ಲಿ ವಿಲೀನ ಕಾನೂನುಬಾಹಿರವೆಂದು ಕಮಿಷನ್ ತೀರ್ಮಾನಿಸಿತು. ಆದರೂ ಆಸ್ಪತ್ರೆಗಳನ್ನು ಬೇರ್ಪಡಿಸದೆ, ದರದ ಮಾತುಕತೆಯನ್ನು ಬೇರೆ ಬೇರೆಯಾಗಿ ನಡೆಸಿ ಎಂದಷ್ಟೇ ಆದೇಶಿಸಿತು. ಏಳು ವರ್ಷ ಬೆರೆತ ಹಾಲು-ನೀರನ್ನು ಬೇರ್ಪಡಿಸಲು ಹಂಸವೇ ಬರಬೇಕಿತ್ತೇನೋ.

ನಮ್ಮಲ್ಲೂ ಆಸ್ಪತ್ರೆಗಳು ಕೈ ಬದಲಾಯಿಸುತ್ತಿವೆ. ಬೆಂಗಳೂರಿನಲ್ಲಿ ಹಲವು ಶಾಖೆಗಳಿದ್ದ ಕೊಲಂಬಿಯಾ ಏಷ್ಯಾ 2021ರಲ್ಲಿ ಮಣಿಪಾಲ್ ಸಮೂಹಕ್ಕೆ ಸೇರಿತು. ದೊಡ್ಡ ವಿಲೀನಗಳನ್ನು ಪರಿಶೀಲಿಸುವ ಹೊಣೆ ಭಾರತೀಯ ಸ್ಪರ್ಧಾ ಆಯೋಗದ್ದು. ವಿಲೀನವಾದಲ್ಲೆಲ್ಲ ದರ ಏರಿಯೇ ಏರುತ್ತದೆ ಎಂದಲ್ಲ; ಸೊರಗಿದ ಆಸ್ಪತ್ರೆಗೆ ಹೊಸ ಯಂತ್ರ, ಹೊಸ ವೈದ್ಯರು ಬರುವುದೂ ಉಂಟು. ಆದರೆ ಕೈಯಿಂದಲೇ ಹಣ ಕಟ್ಟುವ ನಮ್ಮ ಎಷ್ಟೋ ಕುಟುಂಬಗಳ ಪರವಾಗಿ ಚೌಕಾಸಿ ಮಾಡಲು ವಿಮಾ ಕಂಪನಿಯೂ ಇರುವುದಿಲ್ಲ.

ತುರ್ತಿಲ್ಲದ ಶಸ್ತ್ರಚಿಕಿತ್ಸೆಯಾದರೆ ಎರಡು ಕಡೆ ಖರ್ಚಿನ ಅಂದಾಜನ್ನು ಬರೆಸಿಕೊಳ್ಳಿ. ಎರಡನೆಯ ಆಸ್ಪತ್ರೆಯೂ ಮೊದಲನೆಯ ಸಮೂಹಕ್ಕೇ ಸೇರಿದ್ದಲ್ಲವೇ ಎಂದು ಮೊದಲೇ ವಿಚಾರಿಸಿ.