ಪರಿಸರ ವಿಜ್ಞಾನದ ಸಂಶೋಧನೆ: ವಿದ್ಯಾರ್ಥಿಗೆ ಆಸರೆ ಯಾವುದು?

ಎಂ.ಎಸ್ಸಿ. ಮುಗಿಸಿದ ಮಗಳು, ಇನ್ನೂ ನಾಲ್ಕೈದು ವರ್ಷ ಸಂಶೋಧನೆ ಮಾಡುವೆನೆಂದರೆ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಅಷ್ಟು ವರ್ಷ ಹೊಟ್ಟೆಗೇನು ಎಂಬುದು ಒಂದು. ಅದರಿಂದ ಊರಿಗೇನು ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ನಮ್ಮ ಶಾಲೆಯ ಮಕ್ಕಳ ಹೆತ್ತವರು ಇವುಗಳಿಗೆ ಸರಿಯಾದ ಉತ್ತರವನ್ನು ತಿಳಿದಿರಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳೋಣ.

ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮವನ್ನು ಅರಿಯದವರಿಲ್ಲ. ಅಲ್ಲಿನ ಗುಡ್ಡಗಳ ಗೇರುತೋಟಗಳ ಮೇಲೆ ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಗುತ್ತಿತ್ತು. ಹುಟ್ಟಿನಿಂದಲೇ ಅಂಗವೈಕಲ್ಯ, ಬುದ್ಧಿಮಾಂದ್ಯಗಳುಳ್ಳ ಮಕ್ಕಳನ್ನು ಕಂಡು ಊರಿನವರೂ ವೈದ್ಯರೂ ಪತ್ರಿಕಾಕರ್ತರೂ ಕಳವಳಗೊಂಡರು. ಆದರೆ ಕಳವಳವು ಸಾಕ್ಷ್ಯವಲ್ಲ. ಸಾಕ್ಷ್ಯ ಬೇಕಾದರೆ ಅಳೆಯಬೇಕು, ಹೋಲಿಸಬೇಕು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದು, ತೋಟಗಳ ತಪ್ಪಲಿನ ಗ್ರಾಮದ ೧೧೭ ಮಂದಿ ಶಾಲಾಬಾಲಕರನ್ನೂ ವಿಷದ ಸೋಂಕಿಲ್ಲದ ಕಡೆಯ ೯೦ ಮಂದಿ ಬಾಲಕರನ್ನೂ ಪರೀಕ್ಷಿಸಿದರು. ರಕ್ತದಲ್ಲಿ ವಿಷಶೇಷವಿದೆಯೇ ಎಂದು ನೋಡಿದರು. ತಪ್ಪಲಿನ ಬಾಲಕರು ಪ್ರಾಯಕ್ಕೆ ಬರುವುದು ತಡವಾಗಿರಬಹುದೆಂಬ ಅವರ ನಿರ್ಣಯವು ೨೦೦೩ರಲ್ಲಿ ಅಚ್ಚಾಯಿತು. ಒಂದು ಅಧ್ಯಯನದಿಂದ ಎಲ್ಲವೂ ಇತ್ಯರ್ಥವಾಗುವುದಿಲ್ಲ. ವಾದವಿವಾದಗಳು ಬಹುಕಾಲ ನಡೆದವು. ಕೊನೆಗೆ ೨೦೧೧ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಈ ವಿಷವನ್ನು ವರ್ಜ್ಯ ವಸ್ತುಗಳ ಪಟ್ಟಿಗೆ ಸೇರಿಸಿದವು. ಮರುತಿಂಗಳು ನಮ್ಮ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆಯಿತು.

ಪರಿಸರ ವಿಜ್ಞಾನದಿಂದ ಊರಿಗೇನು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ನೆಲ, ಜಲ, ಗಾಳಿ, ಜೀವರಾಶಿ ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆಯೆಂಬುದನ್ನು ಅಳತೆಯಿಂದ ತಿಳಿಯುವ ಶಾಸ್ತ್ರವದು. ಅಂದು ದೂರದವರು ಬಂದು ಅಳೆಯಬೇಕಾಯಿತು. ಮುಂದೆ ನಮ್ಮ ಮಕ್ಕಳೇ ಅಳೆಯುವಂತಾಗಲಿ ಎಂಬುದು ನಮ್ಮ ಆಸೆ.

ಇನ್ನು ಹೊಟ್ಟೆಯ ಪ್ರಶ್ನೆ. ಸಂಶೋಧನೆಗೆ ಸರ್ಕಾರವೇ ಶಿಷ್ಯವೇತನ ಕೊಡುತ್ತದೆಂಬುದು ಅನೇಕ ಹೆತ್ತವರಿಗೆ ತಿಳಿದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 'ನೆಟ್' ಪರೀಕ್ಷೆಯು ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಪರಿಸರ ವಿಜ್ಞಾನವೂ ಅದರ ವಿಷಯಗಳಲ್ಲೊಂದು. ಎಂ.ಎಸ್ಸಿ.ಯಲ್ಲಿ ನೂರಕ್ಕೆ ೫೫ ಅಂಕಗಳಿರಬೇಕು. ಮೀಸಲಾತಿಯುಳ್ಳವರಿಗೆ ೫೦ ಸಾಕು. ಪರೀಕ್ಷೆಯಲ್ಲಿ ಮೇಲ್ಮಟ್ಟದಲ್ಲಿ ತೇರ್ಗಡೆಯಾದವರಿಗೆ ಕಿರಿಯ ಸಂಶೋಧನ ಶಿಷ್ಯವೇತನ ದೊರೆಯುತ್ತದೆ. ೨೦೨೩ರ ಜನವರಿಯಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ. ಕೆಲಸ ತೃಪ್ತಿಕರವೆಂದು ಕಂಡರೆ ಆಮೇಲೆ ೪೨,೦೦೦ ರೂಪಾಯಿ. ಪುಸ್ತಕ, ಪ್ರವಾಸ ಮುಂತಾದ ಖರ್ಚಿಗೆ ವರ್ಷಕ್ಕೊಂದು ಮೊತ್ತ ಬೇರೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಪ್ರತ್ಯೇಕ ರಾಷ್ಟ್ರೀಯ ಶಿಷ್ಯವೇತನಗಳೂ ಉಂಟು. ಆದರೆ ಒಂದು ಎಚ್ಚರಿಕೆ: ಹಣವು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಅದನ್ನು ನಂಬಿ ಸಾಲ ಮಾಡಬಾರದು; ಮೊದಲ ವರ್ಷಕ್ಕೆ ಮನೆಯವರು ಸ್ವಲ್ಪ ಹಣವನ್ನು ಕೂಡಿಟ್ಟಿರುವುದು ಕ್ಷೇಮ.

ಹೆಣ್ಣುಮಕ್ಕಳ ಹೆತ್ತವರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ೨೦೨೨ರ ನಿಯಮಗಳಂತೆ ಪಿಎಚ್.ಡಿ.ಗೆ ಕನಿಷ್ಠ ಮೂರು, ಸಾಮಾನ್ಯವಾಗಿ ಗರಿಷ್ಠ ಆರು ವರ್ಷಗಳ ಅವಧಿ. ಸ್ತ್ರೀಯರಿಗೆ ಇನ್ನೂ ಎರಡು ವರ್ಷಗಳ ರಿಯಾಯಿತಿಯನ್ನು ಕೊಡಬಹುದು. ಹೆರಿಗೆ ಹಾಗೂ ಶಿಶುಪಾಲನೆಗೆ ೨೪೦ ದಿನಗಳವರೆಗೆ ರಜೆಯನ್ನೂ ಕೊಡಬಹುದು. ಮದುವೆಯಾದರೆ ಓದು ನಿಂತಂತೆಯೇ ಎಂಬ ಮಾತಿಗೆ ಈಗ ಆಧಾರವಿಲ್ಲ.

ಹಣದಷ್ಟೇ ಮುಖ್ಯವಾದುದು ಗ್ರಂಥಭಾಂಡಾರ. ದೇಶದ ವಿಶ್ವವಿದ್ಯಾನಿಲಯಗಳಿಗೆ ಸಲ್ಲಿಸಿದ ಮಹಾಪ್ರಬಂಧಗಳು 'ಶೋಧಗಂಗಾ' ಎಂಬ ಅಂತರ್ಜಾಲ ಭಾಂಡಾರದಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತವೆ. ತಾನು ಆರಿಸಿದ ವಿಷಯದಲ್ಲಿ ಹಿಂದಿನವರು ಏನು ಮಾಡಿದ್ದಾರೆಂದು ಅಲ್ಲಿ ನೋಡದೆ ಯಾರೂ ಕೆಲಸ ಆರಂಭಿಸಬಾರದು. ೨೦೨೫ರ ಜನವರಿಯಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯ ಮೂಲಕ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸುಮಾರು ೧೩,೦೦೦ ವಿದ್ವತ್ಪತ್ರಿಕೆಗಳು ಲಭ್ಯವಾಗಿವೆ. ಇಸ್ರೋ ಸಂಸ್ಥೆಯ 'ಭುವನ್' ತಾಣದಲ್ಲಿ ನಮ್ಮ ಗುಡ್ಡ ಬಯಲುಗಳ ಉಪಗ್ರಹಚಿತ್ರಗಳನ್ನು ಮನೆಯಲ್ಲಿಯೇ ಕುಳಿತು ಕಾಣಬಹುದು.

ಸ್ಥಳಗಳಾದರೂ ದೂರವಿಲ್ಲ. ೨೦೦೯ರಲ್ಲಿ ಸ್ಥಾಪಿತವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯವು ನಮ್ಮ ಜಿಲ್ಲೆಯ ಪೆರಿಯದಲ್ಲಿಯೇ ಇದೆ; ಅಲ್ಲಿ ಪರಿಸರ ವಿಜ್ಞಾನದ ವಿಭಾಗವುಂಟು. ಪೀಚಿಯಲ್ಲಿ ಕೇರಳ ಅರಣ್ಯ ಸಂಶೋಧನ ಸಂಸ್ಥೆ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೮೩ರಲ್ಲಿ ಮಾಧವ ಗಾಡ್ಗೀಳರು ಆರಂಭಿಸಿದ ಪರಿಸರಶಾಸ್ತ್ರ ಕೇಂದ್ರ ಇವೂ ಇವೆ. ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರ ಆಯ್ಕೆ ಮುಖ್ಯ. ಅವರ ಹಳೆಯ ವಿದ್ಯಾರ್ಥಿಗಳು ಎಷ್ಟು ವರ್ಷಗಳಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ ಎಂದು ವಿಚಾರಿಸಿಯೇ ಸೇರಬೇಕು. ಐದು ವರ್ಷಗಳ ಸುಖದುಃಖಗಳು ಬಹುಮಟ್ಟಿಗೆ ಆ ಒಬ್ಬರನ್ನೇ ಅವಲಂಬಿಸಿರುತ್ತವೆ.

ಕೊನೆಯದಾಗಿ ಭಾಷೆಯ ಮಾತು. ನೆಟ್ ಪರೀಕ್ಷೆಯ ಈ ವಿಷಯದ ಪ್ರಶ್ನಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಹೊರೆಯೇ ಸರಿ. ಆದ್ದರಿಂದ ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪರಿಭಾಷೆಯನ್ನು ಎರಡೂ ಭಾಷೆಗಳಲ್ಲಿ ಕಲಿಯತಕ್ಕದ್ದು. ಆದರೆ ನಮ್ಮ ಮಾತು ಕೇವಲ ಅಡ್ಡಿಯಲ್ಲ, ಆಸ್ತಿಯೂ ಹೌದು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗ, ಮಳೆನೀರನ್ನು ತಡೆದು ನಿಲ್ಲಿಸುವ ಮದಕ, ಬೇಸಗೆಗೆ ಮುನ್ನ ತೋಡಿಗೆ ಹಾಕುವ ಕಟ್ಟ ಇವುಗಳ ವಿದ್ಯೆ ಬಹುಮಟ್ಟಿಗೆ ಹಿರಿಯರ ಬಾಯಲ್ಲಿ, ತುಳು ಕನ್ನಡಗಳಲ್ಲಿ ಉಳಿದಿದೆ. ಅಜ್ಜನ ಬಳಿ ಜಗಲಿಯಲ್ಲಿ ಕುಳಿತು ಅವರ ಮಾತಿನಲ್ಲಿಯೇ ಕೇಳಬಲ್ಲ ಸಂಶೋಧಕನಿಗೆ ಅದು ದೊರೆಯುವಷ್ಟು ಸುಲಭವಾಗಿ ಬೇರೆಯವರಿಗೆ ದೊರೆಯದು.

ವಿದ್ಯಾರ್ಥಿಮಿತ್ರರೇ, ಇಂದೇ ಆರಂಭಿಸಿರಿ. ಮನೆಯ ಬಾವಿಯ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಹಗ್ಗದಿಂದ ಅಳೆದು, ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿರಿ. ಹತ್ತು ವರ್ಷ ತಪ್ಪದೆ ಬರೆದ ಅಂತಹ ಪುಸ್ತಕವು ಯಾವ ಸಂಶೋಧಕನಿಗೂ ಬೆಲೆಯುಳ್ಳದ್ದು. ಅದನ್ನು ಕೈಯಲ್ಲಿ ಹಿಡಿದು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುವವರು ನಮ್ಮ ಶಾಲೆಯಿಂದಲೇ ಹೊರಡಲಿ ಎಂದು ಹಾರೈಸುತ್ತೇವೆ.